ಮೂರನೆಯ ಪ್ರಶ್ನೆ

ಹನ್ನೊಂದನೇ ಹಾಸಿಗೆಯ ಕಾರ್ಡಿನಲ್ಲಿ ಎರಡು ದಿನ ಸಾಲಾಗಿ 'ಸರಿ' ಗುರುತು ಬಿದ್ದಿತ್ತು. ನರ್ಸಿನ ಎದೆ ಧಸಕ್ಕೆಂದಿತು.

ಮರೆವಿನ ರೋಗಿಗಳ ಆ ವಾರ್ಡಿನಲ್ಲಿ ಬೆಳಗ್ಗೆ ಮೂರೇ ಪ್ರಶ್ನೆ: ಇವತ್ತು ಯಾವ ವಾರ, ನೀವೆಲ್ಲಿದ್ದೀರಿ, ನಾನು ಯಾರು. ಸತತ ಮೂರು ದಿನ ಎಲ್ಲಕ್ಕೂ ಸರಿಯುತ್ತರ ಕೊಟ್ಟವರು ಮನೆಗೆ. ಆ ಹಾಸಿಗೆಯ ಮುದುಕ ಒಂದೂವರೆ ವರ್ಷದಿಂದ ಮೂರನೆಯದಕ್ಕೆ ತಪ್ಪುತ್ತಲೇ ಇದ್ದ. ಇವಳು ಜ್ವರ ಬಂದು ಎರಡು ದಿನ ಮಲಗಿದ್ದೇ ತಡ, ಹುಷಾರಾಗಿಬಿಟ್ಟಿದ್ದಾನೆ. ಪಾಪಿ ಚಿರಾಯು ಎಂದು ಸುಮ್ಮನೆ ಹೇಳುತ್ತಾರೆಯೇ.

"ಅಜ್ಜ ಪಟಪಟ ಅಂತ ಹೇಳ್ಬಿಟ್ರು ಅಕ್ಕ, ನನ್ನ ಹೆಸರನ್ನೂ," ಎಂದಳು ಬದಲಿಗೆ ಬಂದಿದ್ದ ಹುಡುಗಿ.

ಅವನು ಮನೆಗೆ ಹೋಗುವುದು ಇವಳಿಗೆ ಬೇಕಿರಲಿಲ್ಲ. ಹಿಂದೆ ಅವನು ಲಿಫ್ಟ್ ಕೂರಿಸುವ ಕಂಪನಿಯ ಸೂಪರ್‌ವೈಸರ್. ಲಿಫ್ಟಿನ ಗುಂಡಿಯೊಳಗೆ ಆಳು ಇದ್ದಾನೋ ಇಲ್ಲವೋ ನೋಡದೆ ಸ್ವಿಚ್ ಹಾಕಿದ. ಒಳಗೆ ಸಿಕ್ಕಿ ಸತ್ತವನು ಇವಳ ಅಣ್ಣ. ವಿಚಾರಣೆಯಲ್ಲಿ, 'ಅವನು ಕುಡಿದು ಬಂದಿದ್ದ, ತಾನೇ ಸ್ವಿಚ್ ಹಾಕಿಕೊಂಡ' ಎಂದು ಹೇಳಿ ಕೈತೊಳೆದುಕೊಂಡ. ಅಣ್ಣ ಟೀಯನ್ನೂ ಮುಟ್ಟದವನು. ಅಮ್ಮ ಅದೇ ಕೊರಗಿನಲ್ಲಿ ಹೋದಳು.

ಈ ವಾರ್ಡಿನಲ್ಲಿ ಅವನನ್ನು ಕಂಡ ದಿನ ಇವಳಿಗೆ ಹಾಲು ಕುಡಿದಷ್ಟು ಸಂತೋಷವಾಯಿತು. ಅಂದಿನಿಂದ ಕೆಲಸಕ್ಕೆ ಬಂದ ದಿನವೆಲ್ಲ ಪರದೆ ಎಳೆದು, ಆ ಕಥೆಯನ್ನು ಮೊದಲಿನಿಂದ ಕೊನೆಯವರೆಗೆ ಅವನ ಕಿವಿಗೆ ಹಾಕುವಳು. ಪ್ರತಿ ಸಲವೂ ಈಗಷ್ಟೇ ಕೇಳಿದವನಂತೆ ಅವನು ಅಳುವನು. ಮರುದಿನ ಮತ್ತೆ ಇವಳು ಯಾರೋ, ಅವನು ಯಾರೋ. ಒಬ್ಬನನ್ನೇ ದಿನವೂ ಹೊಸದಾಗಿ ಶಿಕ್ಷಿಸುವ ಭಾಗ್ಯ ಯಾವ ಜಡ್ಜಿಗಿದೆ?

ಇವತ್ತು ತಪ್ಪದಿದ್ದರೆ ಮಗ ಬಂದು ಕರೆದೊಯ್ಯುತ್ತಾನೆ. ಅಲ್ಲಿಗೆ ಮುಗಿಯಿತು.

"ಇವತ್ತು ಯಾವ ವಾರ?"

"ಗುರುವಾರ."

"ಎಲ್ಲಿದ್ದೀರಿ?"

"ಆಸ್ಪತ್ರೇಲಿ."

"ನಾನು ಯಾರು?"

ಮುದುಕ ಅವಳ ಮುಖ ನೋಡಿದ.

"ಗೊತ್ತಾಗ್ತಿಲ್ಲಮ್ಮ."

ಹೋದ ಜೀವ ಬಂದಂತಾಯಿತು. 'ತಪ್ಪು' ಎಂದು ಗುರುತು ಹಾಕಿ, ಪರದೆ ಎಳೆದು, ಸ್ಟೂಲಿನ ಮೇಲೆ ಕೂತು ಶುರುಮಾಡಿದಳು. ಜ್ವರದ ನಿತ್ರಾಣ ಇನ್ನೂ ಇತ್ತು. ಅಣ್ಣ ಗುಂಡಿಗೆ ಇಳಿದದ್ದನ್ನು ಹೇಳುವಾಗ ಕೆಮ್ಮು ಒತ್ತರಿಸಿ ಬಂತು. ನೀರು ಕುಡಿದು, ವಿಚಾರಣೆಯಿಂದ ಮುಂದುವರಿಸಿದಳು.

ಮುದುಕ ಮೆಲ್ಲಗೆ ಕೈ ಎತ್ತಿ ತಡೆದ.

"ಸ್ವಿಚ್ ಹಾಕಿದ್ದು ನಾನು ಅನ್ನೋದನ್ನ ಬಿಟ್ರಲ್ಲಮ್ಮ. ಒಂದೂವರೆ ವರ್ಷದಲ್ಲಿ ಒಂದು ಸಲಾನೂ ಬಿಟ್ಟಿರಲಿಲ್ಲ ನೀವು."