ಬಾವಿಗೆ ಹೊದಿಸಿದ ಸೀರೆ

ತಮ್ಮನ ಹಾಸಿಗೆಗೆ ಹಾಸಲು ಹಳೆಯ ಹತ್ತಿ ಸೀರೆ ಮಡಚುವಾಗ ಈಗಲೂ ನನ್ನ ಮೂಗಿಗೆ ಆ ಮದ್ದಿನ ವಾಸನೆ ಬರುತ್ತದೆ.

ಬೆಳ್ತಂಗಡಿ ಕಡೆಯ ನಮ್ಮ ಮನೆಯ ಹಿಂದಿನ ಗುಡ್ಡೆ ಪೂರ್ತಿ ಗೇರು ತೋಟವಾಗಿತ್ತು. ಗೇರು ಹೂ ಬಿಟ್ಟಾಗ ಹೆಲಿಕಾಪ್ಟರಿನಲ್ಲಿ ಕೀಟದ ಮದ್ದು ಬಿಡುತ್ತಿದ್ದರು. ಹಿಂದಿನ ದಿನವೇ ತೋಟದವರು ಜೀಪಿನಲ್ಲಿ ಬಂದು, ಬಾವಿ ಮುಚ್ಚಿಕೊಳ್ಳಿ ಎಂದು ಹೇಳಿಹೋಗುತ್ತಿದ್ದರು. ಆ ಸಲ ನಾನೂ ಅಜ್ಜಿಯೂ ಬಾವಿಯ ಮೇಲೆ ತೆಂಗಿನ ಮಡಲು ಹರಡಿ, ಅದರ ಮೇಲೆ ಅಮ್ಮನ ಹಸಿರು ಸೀರೆ ಹೊದಿಸಿದೆವು.

“ಬಿಗಿ ಕಟ್ಟು ಮಾರಾಯ್ತಿ, ಒಂದು ಹನಿ ನೀರಿಗೆ ಬೀಳಬಾರದು,” ಎಂದರು ಅಜ್ಜಿ.

ಮಧ್ಯಾಹ್ನ ಹೆಲಿಕಾಪ್ಟರ್ ಬಂತು. ಇಬ್ಬರು ಕೂರುವಷ್ಟೇ ಜಾಗ. ಮುಂದೆ ಗಾಜಿನ ಗುಳ್ಳೆ, ಹಿಂದೆ ಏರೋಪ್ಲೇನ್ ಚಿಟ್ಟೆಗಿರುವ ಹಾಗೆ ಸಪೂರ ಬಾಲ. ಎರಡೂ ಬದಿಗೆ ಚಾಚಿದ ಕೊಳವೆಗಳಿಂದ ಬಿಳಿ ಮಂಜು ಇಳಿಯುತ್ತಿತ್ತು. ತುಂಬು ಬಸುರಿಯಾಗಿದ್ದ ಅಮ್ಮ ಅಂಗಳಕ್ಕೆ ಬಂದು, ಸೊಂಟಕ್ಕೆ ಕೈ ಕೊಟ್ಟು, ತಲೆಯೆತ್ತಿ ನಿಂತಳು.

“ಇಷ್ಟು ಹತ್ತಿರ ನಾನು ನೋಡಿಯೇ ಇಲ್ಲ ಅತ್ತೆ. ಎಂತ ಚಂದ ಉಂಟು!”

“ಹೊಟ್ಟೆಯಲ್ಲಿ ಇರುವುದೂ ನೋಡಲಿ,” ಎಂದು ಅಜ್ಜಿ ನಕ್ಕರು.

ನಾನು ಕೈ ಬೀಸಿದೆ. ಗಾಜಿನೊಳಗಿಂದ ಪೈಲಟ್ ಕೂಡ ಕೈ ಬೀಸಿದ. ಮುಖಕ್ಕೆ ತಂಪಾಗಿ ಹನಿ ತಾಗಿತು.

ಸಂಜೆ ಅಜ್ಜಿ ಸೀರೆ ತೆಗೆದು, ಒಂದು ಕೊಡ ನೀರು ಸೇದಿ ಮೂಸಿ ನೋಡಿದರು. “ನೀರಿಗೆ ಎಂತದೂ ಆಗಲಿಲ್ಲ,” ಎಂದು ಸಮಾಧಾನಪಟ್ಟರು. ಸೀರೆಯನ್ನು ಒಗೆದು ಮಡಚಿಟ್ಟರು. ತಮ್ಮ ಹುಟ್ಟಿದಾಗ, ಹಳೆಯ ಬಟ್ಟೆ ಮಗುವಿನ ಮೈಗೆ ಮೆತ್ತಗೆ ಎಂದು ಅದನ್ನೇ ಜಂತಿಗೆ ತೊಟ್ಟಿಲಾಗಿ ಕಟ್ಟಿದರು.

ಅವನಿಗೆ ಶಾಲೆಗೆ ಸೇರುವ ಪ್ರಾಯವಾದಾಗ, ಇನ್ನೂ ಅದರಲ್ಲೇ ಮಲಗಿರುತ್ತಿದ್ದ ಅವನ ಭಾರಕ್ಕೆ ಆ ಸೀರೆ ಹರಿಯಿತು. ಅಜ್ಜಿ ಅದೇ ಜಂತಿಗೆ ಇನ್ನೊಂದು ಸೀರೆ ಕಟ್ಟಿದರು.