ಹೋಫ್ರಾಟನ ಶಿಷ್ಯೆ

ಪರೀಕ್ಷಕರು ಕಿಟಕಿ ಮುಚ್ಚಲೆಂದು ಕುರ್ಚಿಯಿಂದ ಎದ್ದದ್ದೇ ತಡ, ತೆಕ್ಲೆಯ ಬಾಯಿಂದ ಮಾತು ಹಾರಿಹೋಯಿತು.

"ಕೂತ್ಕೋ!"

ಅವರು ಕೂತೇಬಿಟ್ಟರು. ಅರವತ್ತು ದಾಟಿದ ಮನುಷ್ಯ, ದಪ್ಪ ಉಣ್ಣೆಯ ಕೋಟು, ಎದೆಯವರೆಗೆ ಇಳಿದ ಗಡ್ಡ. ಗ್ರಾಜ್ ಊರಿಗೆ ಓದಲು ಬಂದ ಹೊರದೇಶದ ಮಕ್ಕಳು ಅವರೆದುರು ಕೆಮ್ಮುವುದಕ್ಕೂ ಹೆದರುತ್ತಿದ್ದರು. ಪಕ್ಕದಲ್ಲಿದ್ದ ಹರೆಯದ ಪರೀಕ್ಷಕಿ ಪಿಖ್ಲರ್ ಪೆನ್ನು ಕಚ್ಚಿಕೊಂಡು ಗೋಡೆ ನೋಡತೊಡಗಿದಳು.

ತೆಕ್ಲೆ ನಾಲಿಗೆ ಕಚ್ಚಿಕೊಂಡಳು. 'ತಾವು ಕೂತಿರಿ ಸ್ವಾಮಿ, ಕಿಟಕಿ ನಾನೇ ಮುಚ್ಚುತ್ತೇನೆ' ಎನ್ನಬೇಕೆಂದಿದ್ದಳು, ಪಾಪ. ಅಷ್ಟುದ್ದದ ಜರ್ಮನ್ ಆ ಗಾಬರಿಯಲ್ಲಿ ಎಲ್ಲಿಂದ ಬರಬೇಕು? ಜಾರ್ಜಿಯಾದ ಕುತೈಸಿಯಿಂದ ಬಂದ ಈ ಹುಡುಗಿ ಭಾಷಾ ಪರೀಕ್ಷೆಯಲ್ಲಿ ಆಗಲೇ ಎರಡು ಸಲ ಡುಮ್ಕಿ ಹೊಡೆದಿದ್ದಳು, ಎರಡು ಸಲವೂ ಬಾಯೇ ಬಿಡದೆ. ಇದು ಕೊನೆಯ ಅವಕಾಶ. ಇದೂ ಹೋದರೆ ವಿಶ್ವವಿದ್ಯಾಲಯ ಇಲ್ಲ, ವೀಸಾ ಇಲ್ಲ, ಮುಂದಿನ ತಿಂಗಳು ಗಂಟುಮೂಟೆ ಕಟ್ಟಿಕೊಂಡು ಊರಿಗೆ. ಅಂಥಾದ್ದರಲ್ಲಿ ಪರೀಕ್ಷಕರಿಗೇ ಏಕವಚನ! ಅದೂ ಸಾಲದೆಂಬಂತೆ ಅವಳ ಬಲಗೈ ತಾನಾಗಿಯೇ ಜೇಬಿಗಿಳಿದು ಒಂದು ಬಿಸ್ಕತ್ತು ಹಿಡಿದುಕೊಂಡಿತ್ತು. ಬೆಂಕಿ ಮುಟ್ಟಿದವಳಂತೆ ಬಿಟ್ಟಳು.

"ಶುರು ಮಾಡೋಣ್ವಾ, ಹೋಫ್ರಾಟ್ ಅವರೇ?" ಎಂದಳು ಪಿಖ್ಲರ್, ನಗು ನುಂಗಿಕೊಂಡು.

ತೆಕ್ಲೆ ಗಡಬಡಿಸಿ ಮೇಜಿನ ಕೆಳಗೆ ಬಗ್ಗಿ ನೋಡಿದಳು. "ಅಯ್ಯೋ, ಇಲ್ಲಿಗೂ ಬಂದ್‌ಬಿಟ್ನಾ?"

"ಯಾರು?" ಎಂದರು ಪರೀಕ್ಷಕರು.

"ಹೋಫ್ರಾಟ್! ಬಾಗಿಲು ಹಾಕ್ಕೊಂಡೇ ಬಂದಿದ್ದೆ."

"ಹೋಫ್ರಾಟ್ ನಾನೇ, ತಾಯಿ. ವರ್ಷಗಟ್ಟಲೆ ದುಡಿದ ನೌಕರರಿಗೆ ಸರ್ಕಾರ ಕೊಡೋ ಬಿರುದು ಅದು. ನೀವು ಯಾರನ್ನ ಹುಡುಕ್ತಿದ್ದೀರಿ?"

ಮೇಜಿಗೆ ತಲೆ ಬಡಿಸಿಕೊಂಡೇ ತೆಕ್ಲೆ ಮೇಲೆದ್ದಳು. "ಬಿರುದಾ? ಅದು ನಾಯಿ ಹೆಸರಲ್ವಾ?"

ಪಿಖ್ಲರ್ ಬಾಯಲ್ಲಿದ್ದ ಪೆನ್ನು ಕೆಳಗೆ ಬಿತ್ತು. ಪರೀಕ್ಷಕರು ಮಾತ್ರ ಗಡ್ಡ ಸವರಿಕೊಂಡರು. "ಯಾವ ನಾಯಿ? ಹೇಳಿ. ಪೂರ್ತಿ ಹೇಳಿ."

ಮಾನ ಹೇಗೂ ಹೋಯಿತು, ಇನ್ನು ಮುಚ್ಚಿಡುವುದೇನು ಎಂದುಕೊಂಡಳು ತೆಕ್ಲೆ.

"ನಾನು ಬಾಡಿಗೆಗಿರೋ ಮನೆ ಅಜ್ಜಿ ನಾಯಿ. ಗಿಡ್ಡ ಕಾಲು, ಉದ್ದ ಮೈ, ಹೊಟ್ಟೆ ನೆಲ ಗುಡಿಸುತ್ತೆ. ಹೊಳೆ ದಂಡೇಲಿ ದಿನಾ ಎರಡು ಹೊತ್ತು ಸುತ್ತಾಡಿಸ್ತೀನಿ. ಕ್ಲಾಸಲ್ಲಿ ನಾನು ಬಾಯಿ ಬಿಟ್ರೆ ಸಾಕು, ಎಲ್ರೂ ವ್ಯಾಕರಣ ತಿದ್ದೋರೇ. ಅವನು ತಿದ್ದಲ್ಲ, ನಿಂಗೊತ್ತಾ? ಕಿವಿ ನಿಮಿರಿಸ್ಕೊಂಡು ಕೇಳ್ತಾನೆ. ಅದಕ್ಕೇ ನನ್ನ ಜರ್ಮನ್ ಎಲ್ಲಾ ಅವನ ಹತ್ರಾನೇ. ಹೇಳಿದ ಮಾತು ಕೇಳಿದ್ರೆ ಬಿಸ್ಕತ್ತು, ಇಲ್ಲಾಂದ್ರೆ ಇಲ್ಲ. ಬಲು ಜಾಣ ಅನ್ನು. ಆದ್ರೆ ಪೋಸ್ಟ್‌ಮನ್ ಕಂಡ್ರೆ ಮಾತ್ರ..."

ಕಟ್ಟೆಯೊಡೆದ ನೀರಿನಂತೆ ಮಾತು ಹರಿಯಿತು. ಪೋಸ್ಟ್‌ಮನ್ ಸೈಕಲ್ ಸಮೇತ ಪೊದೆಗೆ ಬಿದ್ದದ್ದು, ಹೋಫ್ರಾಟ್ ಅವನ ಟೋಪಿ ಕಚ್ಚಿಕೊಂಡು ಸೇತುವೆ ದಾಟಿದ್ದು, ಇವಳು 'ಬಿಡು, ಬಿಡೋ, ಕತ್ತೆ' ಎಂದು ಕೂಗುತ್ತ ಹಿಂದೆ ಓಡಿದ್ದು ಎಲ್ಲಾ ಬಂತು. ಹೋಫ್ರಾಟ್ ಹೇಗೆ ಬೊಗಳುತ್ತಾನೆಂದು ಬೊಗಳಿಯೂ ತೋರಿಸಿದಳು. 'ನಿಂಗೊತ್ತಾ' ಎಂದಾಗಲೆಲ್ಲ ಪರೀಕ್ಷಕರು ಇಲ್ಲವೆಂದು ತಲೆಯಾಡಿಸಿದರು. ಪಿಖ್ಲರ್ ಹೊಟ್ಟೆ ಹಿಡಿದುಕೊಂಡು ಕಣ್ಣೊರೆಸಿಕೊಂಡಳು.

"ಆ ಹೆಸರು ಯಾರಿಟ್ಟಿದ್ದು?" ಎಂದು ಕೇಳಿದರು ಪರೀಕ್ಷಕರು.

"ಅಜ್ಜಿ ಗಂಡ. ನೀರು ಸರಬರಾಜು ಕಚೇರೀಲಿ ಮೂವತ್ತೆರಡು ವರ್ಷ ದುಡಿದ್ರಂತೆ. ಪಾಪ, ಏನೋ ಕೊಡ್ತಾರೆ ಅಂತ ಕಾಯ್ತಾ ಇದ್ರಂತೆ, ಕೊನೇವರೆಗೂ ಕೊಡ್ಲಿಲ್ವಂತೆ. ರಿಟೈರಾದ ದಿನ ಒಂದು ಗೋಡೆ ಗಡಿಯಾರ ಕೊಟ್ಟು ಕಳಿಸಿದ್ರಂತೆ. ಮಾರನೇ ದಿನ ಹೋಗಿ ನಾಯಿಮರಿ ತಂದು, 'ನಮ್ಮನೇಲೂ ಒಬ್ಬ ಹೋಫ್ರಾಟ್ ಇರ್ಲಿ' ಅಂದ್ರಂತೆ. ಅಜ್ಜಿ ಇದನ್ನ ಹೇಳ್ಕೊಂಡು ನಗ್ತಾಳೆ, ನಂಗೆ ಯಾಕೇಂತಾನೇ..." ತೆಕ್ಲೆ ತಟ್ಟನೆ ನಿಲ್ಲಿಸಿದಳು. ಬಾಯಿ ತೆರೆದೇ ಇತ್ತು. "ಓ! ಈಗ ಗೊತ್ತಾಯ್ತು ನೋಡು ನಂಗೆ!"

ಪರೀಕ್ಷಕರು ನಗಲಿಲ್ಲ. ಪೆನ್ನು ತೆಗೆದುಕೊಂಡು ನಿಧಾನವಾಗಿ ಬರೆದರು. ತೆಕ್ಲೆ ಕತ್ತು ಚಾಚಿ ಎದುರಿನಿಂದಲೇ ಅದನ್ನು ತಲೆಕೆಳಗಾಗಿ ಓದಿದಳು: 'ಮಾತು ನಿರರ್ಗಳ. ಉತ್ತೀರ್ಣ. ಬಹುವಚನ ಕಲಿಯತಕ್ಕದ್ದು.'

ಅವಳಿಗೆ ಕುಣಿಯಬೇಕೆನ್ನಿಸಿತು, ಕುಣಿದೇಬಿಟ್ಟಳು. ತಮ್ಮೂರಿನ ಮದುವೆಮನೆಯ ಹಾಗೆ ಕೈ ಚಾಚಿ, ಗರಗರ ಒಂದು ಸುತ್ತು. ಪಿಖ್ಲರ್ ಮೇಜು ಕುಟ್ಟಿ ತಾಳ ಹಾಕಿದಳು. ಕಿಟಕಿ ಇನ್ನೂ ತೆರೆದೇ ಇತ್ತು. ಗಾಳಿಗೆ ಹಾಳೆಗಳೆಲ್ಲ ನೆಲದ ಪಾಲಾಗಿದ್ದವು. ಪರೀಕ್ಷಕರು ಮಾತ್ರ ಕೂತಲ್ಲೇ ಕೂತಿದ್ದರು.

"ನಾನು ಇಪ್ಪತ್ತೆಂಟು ವರ್ಷ ಕಾದೆನಮ್ಮ, ಈ ಬಿರುದಿಗೆ," ಎಂದರು. "ಕೂತ್ಕೋ ಅಂದ ಕಡೆ ಕೂತೆ, ಏಳು ಅಂದಾಗ ಎದ್ದೆ. ಒಬ್ಬರಾದ್ರೂ ಒಂದು ಬಿಸ್ಕತ್ತು ಕೊಡ್ಲಿಲ್ಲ."

ಹಾಗೆಂದು, ಮೇಜಿನ ಮೇಲಿಂದ ಅಂಗೈ ಚಾಚಿದರು.