ರಸ್ತೆಯುಬ್ಬಿನ ಆಚೆ ಅಜ್ಜಿ

"ಹಂಪ್ಸ್ ಬಂತು! ಇಳೀರಿ, ಮಹಾರಾಜರ ಕಾರಿನ ಹೊಟ್ಟೆ ನೆಲಕ್ಕೆ ತಾಗುತ್ತೆ!" ಅಕ್ಕ ಎಂದಿನಂತೆ ತಮ್ಮನನ್ನು ಛೇಡಿಸಿದಳು. ಅವನು ಸಸ್ಪೆನ್ಷನ್ ಬದಲಾಯಿಸಿ ಕಾರನ್ನು ತಗ್ಗಿಸಿದಂದಿನಿಂದ, ಪ್ರತಿ ಉಬ್ಬಿನಲ್ಲೂ ಮನೆಯವರು ಇಳಿದು ನಡೆದೇ ದಾಟುತ್ತಿದ್ದರು. ಅಜ್ಜಿ ಮಾತ್ರ ಒಳಗೇ. ಬಚ್ಚಲಲ್ಲಿ ಬಿದ್ದ ಮೇಲೆ, ಮೂಳೆ ಕೂಡಿದೆ ಎಂದು ಡಾಕ್ಟರ್ ಎಷ್ಟು ಹೇಳಿದರೂ, ಹೆದರಿ ಆಕೆ ಕಾಲು ನೆಲಕ್ಕೆ ಊರಿರಲಿಲ್ಲ.

ಅಕ್ಕ ಇಳಿದಳು, ಅಮ್ಮ ಇಳಿದಳು. "ಇವನ ತಾತನ ಸೈಕಲ್ಲೇ ಇದಕ್ಕಿಂತ ಎತ್ತರ ಇತ್ತು ಕಣೇ," ಎಂದು ಗೊಣಗುತ್ತ, ಮಾತಿನ ಭರದಲ್ಲಿ, ತಗ್ಗಿದ ಚಾವಣಿಗೆ ಕೈ ಊರಿ ಅಜ್ಜಿಯೂ ಇಳಿದಳು. ಉಬ್ಬು ಹತ್ತಿದಳು.

ಯಾರೂ ಉಸಿರೆತ್ತಲಿಲ್ಲ, ಕರೆದರೆ ಆಕೆಗೆ ತನ್ನ ಹೆದರಿಕೆ ನೆನಪಾಗಿಬಿಡುತ್ತದೆ. ಸ್ಟೀರಿಂಗ್ ಹಿಡಿದ ಮೊಮ್ಮಗನ ಕಣ್ಣಿಗೆ ಆ ಪುಟ್ಟ ಬೆನ್ನು ಬೆಟ್ಟವೊಂದನ್ನು ದಾಟುತ್ತಿತ್ತು.

ಆಚೆ ಬದಿಯಲ್ಲಿ ಅಜ್ಜಿ ತಿರುಗಿ ನಿಂತಳು. "ಏನೋ ಹಾಗೆ ಬಾಯಿ ಬಿಟ್ಕೊಂಡು ನೋಡ್ತೀಯ? ನಿಧಾನಕ್ಕೆ ಬಾ, ಹೊಟ್ಟೆ ತಾಗಿಸಬೇಡ."